ಅಂಗಿಯ ಎರಡನೆಯ ಗುಂಡಿ

ಆ ಭಾನುವಾರ ಮಧ್ಯಾಹ್ನ ನಾನು ನಮ್ಮ ಯಜಮಾನರ ನೀಲಿ ಅಂಗಿಯ ಎರಡನೆಯ ಗುಂಡಿಯನ್ನು ಬಿಗಿ ಮಾಡುತ್ತ ಕೂತಿದ್ದೆ. ಮದುವೆಯಾದಾಗಿನಿಂದ ಅವರ ಎಲ್ಲ ಅಂಗಿಗಳಲ್ಲೂ ಎರಡನೆಯ ಗುಂಡಿಯೇ ಸಡಿಲವಾಗುತ್ತಿತ್ತು. ಮಿಕ್ಕವು ಅಂಗಿ ಹರಿಯುವವರೆಗೂ ಗಟ್ಟಿಯಾಗಿರುತ್ತಿದ್ದವು. ಈ ನೀಲಿ ಅಂಗಿ ಪೀಣ್ಯದ ಶೆಡ್ಡಿನಲ್ಲಿ ಮೆಷಿನ್ ನಡೆಸುವವರ ಸಮವಸ್ತ್ರ. ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಬೀರುವಿನಲ್ಲಿತ್ತು, ಗುಂಡಿ ಒಂದೆಳೆ ದಾರದಲ್ಲಿ ನೇತಾಡುತ್ತಿತ್ತು. ದಪ್ಪ ದಾರ ಪೋಣಿಸಿ, ಬುಡಕ್ಕೆ ಸುತ್ತಿ, ಗಂಟು ಹಾಕಿದೆ. ಮಾರನೆಯ ದಿನ ಅವರು ಮತ್ತೆ ತಮ್ಮ ಮೆಷಿನ್ನಿನ ಮುಂದೆ ನಿಲ್ಲಬೇಕಿತ್ತು.

ಇವರು ಕಿಟಕಿಯ ಪಕ್ಕ ಕೂತು ವರ್ನಿಯರ್ ಒರೆಸುತ್ತಿದ್ದರು. ಕಬ್ಬಿಣದ ಪೀಸುಗಳ ಅಳತೆ ನೋಡುವ ಉಕ್ಕಿನ ಸಾಧನ ಅದು. ಅದೂ ವರ್ಷವಿಡೀ ನನ್ನ ರೇಷ್ಮೆ ಸೀರೆಗಳ ನಡುವೆ ಮಲಗಿತ್ತು. ಒರೆಸಿದ್ದು ಸಾಲದೆಂದು ಕೈಗೆ ಸಿಕ್ಕಿದ್ದನ್ನೆಲ್ಲ ಅಳೆಯಲು ಶುರುಮಾಡಿದರು: ಮಗಳ ಪೆನ್ನು, ನನ್ನ ಬಳೆ, ಮಿಕ್ಸಿ ಜಾರಿನ ಮುಚ್ಚಳ.

"ಅಪ್ಪಾ, ನಾಳೆ ಮೆಷಿನ್‌ಗೆ ಹಾರ ತಗೊಂಡ್ ಹೋಗ್ತೀಯೋ, ಇಲ್ಲಾ ಒಂದ್ ಮೊಳ ಮಲ್ಲಿಗೆ ಸಾಕೋ?" ಪಿಯುಸಿ ಓದುತ್ತಿದ್ದ ಮಗಳು ಪುಸ್ತಕದಿಂದ ತಲೆಯೆತ್ತದೆ ಕೇಳಿದಳು.

"ಹಾರ ಯಾಕೆ ಕಣೇ. ಮೆಷಿನ್ ತಂಪಾಗಿಡೋ ಕೂಲೆಂಟ್ ಬದಲಾಯ್ಸಿದ್ರೆ ಅದೇ ದೊಡ್ಡ ಪೂಜೆ. ನಾನಿಲ್ದೆ ಅದನ್ನ ಯಾವ ಸ್ಥಿತೀಲಿ ಇಟ್ಟಿದಾರೋ."

"ಅಮ್ಮನ್ನ ಒಂದಿನಾನೂ ಹಿಂಗೆ ವಿಚಾರಿಸ್ಕೊಂಡಿಲ್ಲ ನೀನು."

"ನಿಮ್ಮಮ್ಮ ಯಾರಿಲ್ದಿದ್ರೂ ಓಡ್ತಾಳೆ ಬಿಡು. ಮೆಷಿನ್ ಹಂಗಲ್ಲ."

ಕೋಳಿ ಸಾರು, ಮುದ್ದೆ ಉಂಡರು. ಸಂಜೆ ಹೋಗಿ ಕಟಿಂಗ್ ಮಾಡಿಸಿಕೊಂಡು ಬಂದರು. ಬೇಗ ಮಲಗುತ್ತೇನೆ ಎಂದರು. ಅಷ್ಟೇ. ಇಂಥ ದಿನಗಳ ಬಗ್ಗೆ ಹೇಳುವವರು ಅಂದು ಕಾಗೆ ಕೂಗಿತು, ದೇವರ ದೀಪ ತಾನಾಗಿ ಆರಿತು ಎಂದೆಲ್ಲ ಹೇಳುತ್ತಾರೆ. ನಮ್ಮ ಮನೆಗೆ ಕಾಗೆ ಬರಲಿಲ್ಲ, ನೀರಿನ ಟ್ಯಾಂಕರ್ ಬಂತು.

ಆ ಗುಂಡಿ ಯಾಕೆ ಸಡಿಲವಾಗುತ್ತಿತ್ತು ಎನ್ನುವುದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ಇವರು ಆಗಾಗ ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದರು. ಮಾತಿನ ನಡುವೆ, ಊಟದ ನಡುವೆ, ಒಮ್ಮೆ ರಸ್ತೆ ದಾಟುವಾಗಲೂ. ಕಣ್ಣು ತೆರೆದೇ ಇರುತ್ತಿತ್ತು, ನೋಟ ಮಾತ್ರ ಎಲ್ಲೋ. ಬಾಯಿ ಬೆಲ್ಲ ಚಪ್ಪರಿಸುವ ಹಾಗೆ ಆಡುತ್ತಿತ್ತು. ಬಲಗೈಯ ಎರಡು ಬೆರಳು ಅಂಗಿಯ ಎರಡನೆಯ ಗುಂಡಿಯನ್ನು ಹಿಡಿದು ತಿರುಗಿಸುತ್ತಿದ್ದವು, ನಟ್ಟು ಬಿಚ್ಚುವ ಹಾಗೆ. ಕರೆದರೆ ಉತ್ತರವಿಲ್ಲ. ಒಂದು ನಿಮಿಷ, ಒಂದೂವರೆ ನಿಮಿಷ. ಆಮೇಲೆ ನಿದ್ದೆಯಿಂದ ಎದ್ದವರಂತೆ "ಏನಂದೆ?" ಎಂದು ಕೇಳುತ್ತಿದ್ದರು.

ಇದಕ್ಕೆ ವಿವರಣೆ ಕೊಡುವವರಿಗೇನೂ ಕೊರತೆಯಿರಲಿಲ್ಲ. ನಮ್ಮತ್ತೆ, ಮಗನಿಗೆ ಯೋಚನೆ ಜಾಸ್ತಿ ಎಂದರು. ಯಾವ ಯೋಚನೆ ಎಂದು ಕೇಳಿದರೆ ನನ್ನ ಕಡೆ ನೋಡಿದರು. ನಮ್ಮಣ್ಣ, ಕುಡಿತ ಇರಬೇಕು ಎಂದ. ಅವನಿಗೆ ಅದರ ಅನುಭವವಿತ್ತು. ಎದುರುಮನೆಯವರು ಧ್ಯಾನ ಎಂದು ತಿಳಿದು ಯಾವ ಗುರುಗಳ ಶಿಷ್ಯರೆಂದು ವಿಚಾರಿಸಿದರು. ಎಲ್ಲರಿಗಿಂತ ಸಮಾಧಾನದ ಮಾತು ಹೇಳಿದ್ದು ನಮ್ಮಮ್ಮ.

"ಹೆಂಡ್ತಿ ಮಾತಾಡೋವಾಗ ಗಂಡಸ್ರು ಹಂಗೇ ನಿಂತ್ಕೋತಾರೆ ಕಣೇ. ಅದಕ್ಕೆಲ್ಲ ಕಾಯ್ಲೆ ಅನ್ಬಾರ್ದು."

ಹೀಗೆ ನಿಲ್ಲುವುದಕ್ಕೆ ಸ್ವಲ್ಪ ಮುಂಚೆ ಇವರಿಗೆ ರಬ್ಬರ್ ಸುಟ್ಟ ವಾಸನೆ ಬರುತ್ತಿತ್ತು. ನಮಗೆ ಯಾರಿಗೂ ಬರುತ್ತಿರಲಿಲ್ಲ. "ಎಲ್ಲೋ ವೈರ್ ಸುಡ್ತಿದೆ ನೋಡು" ಎಂದು ಎದ್ದು ಗೋಡೆಗೋಡೆ ಮೂಸುತ್ತಿದ್ದರು. ಕೊನೆಗೆ ನಮ್ಮ ಮನೆಯ ಓನರ್ ಅಜ್ಜಿಗೆ ಹೇಳಿದೆವು. ಲಗ್ಗೆರೆ ಹಳ್ಳಿಯಾಗಿದ್ದ ಕಾಲದಿಂದ ಇಲ್ಲೇ ಇರುವ ಅಜ್ಜಿ, ಕೆಳಗಿನ ಮನೆಯಲ್ಲಿ ತಾನಿದ್ದು ಮೇಲಿನವನ್ನು ಬಾಡಿಗೆಗೆ ಕೊಟ್ಟಿದೆ. ತನ್ನ ಕಟ್ಟಡಕ್ಕೆ ಬೆಂಕಿ ಬಿದ್ದೀತೆಂದು ಹೆದರಿ ಮಾರನೆಯ ದಿನವೇ ಎಲೆಕ್ಟ್ರಿಷಿಯನ್ ಕರೆಸಿತು. ಅವನು ಸ್ವಿಚ್ ಬೋರ್ಡು ಬಿಚ್ಚಿ, ಮೂಗು ಹತ್ತಿರ ತಂದು, ಗಂಭೀರವಾಗಿ ತಲೆಯಾಡಿಸಿ, "ಲೈಟಾಗಿ ಬರ್ತಿದೆ" ಎಂದ. ಗೋಡೆ ಕೊರೆದು ಇಡೀ ಮನೆಯ ವೈರು ಬದಲಾಯಿಸಿದರು. ಇವರ ತಲೆಯೊಳಗಿನ ಒಂದು ಬೆರಳಗಲದ ಜಾಗದ ದೋಷಕ್ಕೆ ಲಗ್ಗೆರೆಯ ಒಂದು ಮನೆಗೆ ಪೂರ್ತಿ ಹೊಸ ವೈರಿಂಗ್ ಆಯಿತು. ಮನೆ ಇಂದಿಗೂ ಬಹಳ ಸುರಕ್ಷಿತವಾಗಿದೆ.

ದೊಡ್ಡ ಫಿಟ್ಸ್ ಮೊದಲ ಸಲ ಬಂದದ್ದು ಶೆಡ್ಡಿನಲ್ಲಿ, ಊಟದ ಬಿಡುವಿನಲ್ಲಿ. ನಾನು ನೋಡಲಿಲ್ಲ. ಪಕ್ಕದ ಮೆಷಿನ್ ನಡೆಸುವ ಇವರ ಗೆಳೆಯರೊಬ್ಬರು ಹೇಳಿದ್ದು. ಇವರು ಕೂತಲ್ಲಿಂದ ಮರದ ಹಲಗೆಯಂತೆ ಸೆಟೆದು ಬಿದ್ದರಂತೆ. ಕೈಕಾಲು ಒದರಿದವಂತೆ, ಬಾಯಲ್ಲಿ ನೊರೆ. ಆಗ ಯಾರೋ ಕೂಗಿದರಂತೆ: "ಕಬ್ಬಿಣ ಕೊಡ್ರೋ ಕೈಗೆ! ಬೇಗ, ಕಬ್ಬಿಣ!"

ಆ ಶೆಡ್ಡಿನಲ್ಲಿ ಕಬ್ಬಿಣ ಬಿಟ್ಟರೆ ಬೇರೇನೂ ಇಲ್ಲ. ಕಂಬ, ಛಾವಣಿ, ಕೂತ ಸ್ಟೂಲು ಎಲ್ಲ ಕಬ್ಬಿಣ. ಇವರ ಜೇಬಿನ ತುಂಬ ಮೆಷಿನ್ನಿನಿಂದ ಹಾರಿದ ಕಬ್ಬಿಣದ ಸುರುಳಿಗಳು. ಇವರ ಬೂಟಿನ ಮೂತಿಯಲ್ಲೂ ಕಬ್ಬಿಣ. ಅಷ್ಟಕ್ಕೂ ನಿಲ್ಲದ್ದು ಒಂದು ಗೊಂಚಲು ಬೀಗದ ಕೈಗೆ ನಿಲ್ಲಲಿ ಎಂದು ಮುಷ್ಟಿಗೆ ತುರುಕಿದರು. ಬೀಗದ ಕೈ ಸಾಲದಾದಾಗ ಸ್ಪ್ಯಾನರ್. ನಾಲಿಗೆ ಕಚ್ಚಿಕೊಳ್ಳಬಾರದೆಂದು ಒಬ್ಬ ಪುಣ್ಯಾತ್ಮ ಸ್ಕ್ರೂಡ್ರೈವರ್ ಹಾಕಿ ಬಾಯಿ ತೆಗೆಸಲು ಹೋದ. ಇವರ ಮುಂದಿನ ಹಲ್ಲಿನ ಒಂದು ಮೂಲೆ ಅವತ್ತು ಹೋಯಿತು. ಅದು ಫಿಟ್ಸಿನಿಂದ ಹೋದದ್ದಲ್ಲ, ಸಹಾಯದಿಂದ ಹೋದದ್ದು. ಆಮೇಲೆ ಅದು ತಾನಾಗಿಯೇ ನಿಂತಿತು. ಕೀರ್ತಿ ಸ್ಪ್ಯಾನರಿಗೆ ಹೋಯಿತು.

ಆಸ್ಪತ್ರೆಯ ನರರೋಗದ ಡಾಕ್ಟರಮ್ಮ ಸಣ್ಣ ದನಿಯ ಹೆಂಗಸು. ಜೊತೆಗೆ ಬಂದಿದ್ದ ಆ ಗೆಳೆಯರು ನಿಂತುಕೊಂಡೇ ಇಡೀ ಕಥೆ ನಟಿಸಿ ತೋರಿಸಿದರು. ಆಕೆ ಪೂರ್ತಿ ಕೇಳಿ, "ಬಿದ್ದಮೇಲೆ ಆಗಿದ್ದನ್ನ ಎಲ್ಲಾರೂ ಹೇಳ್ತಾರೆ. ಬೀಳೋಕ್ ಮುಂಚೆ ಏನಾಯ್ತು?" ಎಂದರು.

ಗೆಳೆಯರ ನಟನೆ ಅಲ್ಲಿಗೆ ನಿಂತಿತು. ನಾನು ಮೆಲ್ಲಗೆ, "ಗುಂಡಿ ತಿರುಗಿಸಿರ್ಬೇಕು ಮೇಡಂ" ಎಂದೆ.

"ಹೌದ್ ಹೌದು! ತಿರುಗಿಸ್ತಿದ್ದ! ನಾನು ಸೆಕೆ ಅನ್ಕೊಂಡೆ" ಎಂದರು ಗೆಳೆಯರು.

ಡಾಕ್ಟರಮ್ಮ ಬರೆಯುವುದನ್ನು ಬಿಟ್ಟು ನನ್ನ ಕಡೆ ತಿರುಗಿದರು. ನಾನು ವಾಸನೆ ಹೇಳಿದೆ, ಚಪ್ಪರಿಸುವುದು ಹೇಳಿದೆ, ಎಷ್ಟೋ ವರ್ಷದಿಂದ ಹೊಲಿದ ಗುಂಡಿಗಳನ್ನು ಹೇಳಿದೆ. ಆಕೆ ವಿವರಿಸಿದರು. ಮೆದುಳಿನ ಒಂದು ಜಾಗದಲ್ಲಿ ಶುರುವಾಗುವ ಫಿಟ್ಸ್ ಒಂದು ಜಾತಿ, ಒಂದೇ ಸಲ ಎರಡೂ ಬದಿಯಲ್ಲಿ ಶುರುವಾಗುವುದು ಇನ್ನೊಂದು ಜಾತಿ. ಇವರದ್ದು ಮೊದಲನೆಯದು, ಕಿವಿಯ ಆಸುಪಾಸಿನ ಭಾಗದಲ್ಲಿ ಹುಟ್ಟುವುದು. ಇಲ್ಲದ ವಾಸನೆ ಬರುವುದೇ ಅದರ ಆರಂಭ. ಗುಂಡಿ ತಿರುಗಿಸುತ್ತ ನಿಂತದ್ದು ಫಿಟ್ಸಿನ ಮುನ್ಸೂಚನೆಯಲ್ಲ, ಅದೇ ಫಿಟ್ಸ್. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಕೆಲವು ಸಲ ಹರಡಿ ಇಡೀ ಮೈಗೆ ಬರುತ್ತದೆ.

"ಒಂದ್ ಮನೇಲಿ ಶಾರ್ಟ್ ಆಗಿ, ಅದು ಇಡೀ ಬೀದೀಗೆ ಹರಡೋ ಥರ ಅನ್ಕೊಳ್ಳಿ."

ಪಕ್ಕದಲ್ಲಿ ಕೂತಿದ್ದ ಇವರು, "ಮೇಡಂ, ವೈರಿಂಗ್ ಆಗ್ಲೇ ಮಾಡ್ಸಿದೀವಿ" ಎಂದರು.

ಡಾಕ್ಟರಮ್ಮ ನಕ್ಕರು. ಸ್ಕ್ಯಾನು, ತಲೆಗೆ ವೈರು ಅಂಟಿಸಿ ತೆಗೆಯುವ ಇಇಜಿ ಎಲ್ಲ ಬರೆದರು. ಮಾತ್ರೆ ಕೊಟ್ಟರು. ಇನ್ನೊಮ್ಮೆ ಬಂದರೆ ಬಾಯಿಗೆ, ಕೈಗೆ ಏನೂ ಇಡಬೇಡಿ, ಒಂದು ಮಗ್ಗುಲಿಗೆ ಹೊರಳಿಸಿ, ಐದು ನಿಮಿಷದೊಳಗೆ ನಿಲ್ಲದಿದ್ದರೆ ಆಸ್ಪತ್ರೆಗೆ ತನ್ನಿ ಎಂದರು. ಕೊನೆಯಲ್ಲಿ, "ಸಾಧ್ಯ ಆದ್ರೆ ಮೊಬೈಲಲ್ಲಿ ವಿಡಿಯೋ ಮಾಡಿ. ನೀವು ನೂರು ಮಾತು ಹೇಳೋಕಿಂತ ಅದು ಉಪಯೋಗ" ಎಂದರು. ಈ ವಿಡಿಯೋದ ಕಥೆಗೆ ಆಮೇಲೆ ಬರುತ್ತೇನೆ.

ಆ ಆಸ್ಪತ್ರೆಯ ಕಾಯುವ ಹಾಲ್ ನನಗೆ ಕಾಲೇಜಾಯಿತು. ನಾನು ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವಳು. ಫಿಟ್ಸಿನ ವಿಷಯದಲ್ಲಿ ಮಾತ್ರ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಬಿಎ ಮಾಡಿದೆ. ಒಬ್ಬ ತಾಯಿ ಮೂರನೆಯ ಕ್ಲಾಸಿನ ಮಗಳನ್ನು ಕರೆತರುತ್ತಿದ್ದಳು. ಆ ಮಗು ದಿನಕ್ಕೆ ಎಷ್ಟೋ ಸಲ ಕೆಲವು ಕ್ಷಣ ಖಾಲಿಯಾಗಿ ರೆಪ್ಪೆ ಬಡಿದು, ಬಿಟ್ಟ ಮಾತನ್ನೇ ಮುಂದುವರಿಸುತ್ತಿತ್ತು. ಮಕ್ಕಳಲ್ಲಿ ಬರುವ ಬೇರೆ ಜಾತಿ ಅದು, ದೊಡ್ಡವರಾಗುತ್ತ ಬಹುಪಾಲು ಹೋಗುತ್ತದಂತೆ. ಶಾಲೆಯವರು ಅದಕ್ಕೆ ಮೊದಲೇ ಔಷಧ ಕಂಡುಹಿಡಿದಿದ್ದರು: ಬೆಂಚಿನ ಮೇಲೆ ನಿಲ್ಲಿಸುವುದು.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ಬರುತ್ತಿದ್ದಳು. ಬೆಳಗ್ಗೆ ಎದ್ದ ಹೊತ್ತಿನಲ್ಲಿ ಅವಳ ತೋಳು ತಟ್ಟನೆ ಎಗರಿ ಕಾಫಿ ಕಪ್ಪು ಗೋಡೆಗೆ ಹಾರುತ್ತಿತ್ತು. ಪಿಜಿಯಲ್ಲಿ ಜೊತೆಗಿದ್ದವರು ಇವಳಿಗೆ ಸಿಟ್ಟು ಜಾಸ್ತಿ ಎಂದು ರೂಮು ಬದಲಿಸಿದ್ದರು. ಹದಿಹರೆಯದಲ್ಲಿ ಶುರುವಾಗುವ ಇನ್ನೊಂದು ಬಗೆ ಅದು, ನಿದ್ದೆಗೆಟ್ಟರೆ ಹೆಚ್ಚುತ್ತದೆ. ನಿದ್ದೆ ಎಷ್ಟು ಮುಖ್ಯ ಎಂದು ಅವಳ ಕಂಪನಿಯವರು ಒಂದು ಭಾಷಣವನ್ನೂ ಇಟ್ಟಿದ್ದರಂತೆ, ರಾತ್ರಿ ಪಾಳಿಯವರಿಗೆ.

ತಲೆಗೆ ಹೆಲ್ಮೆಟ್ ಕಟ್ಟಿಕೊಂಡೇ ಕೂತಿರುತ್ತಿದ್ದ ಒಬ್ಬ ಯುವಕನಿಗೆ ಎಚ್ಚರಿಕೆಯೇ ಇಲ್ಲದೆ ಮೈಯ ಬಿಗಿ ತಪ್ಪಿ ದೊಪ್ಪನೆ ಬೀಳುವ ಕಾಯಿಲೆ. ಅವನಿಗೆ ಚಿಕ್ಕಂದಿನಿಂದ ಎರಡು ಮೂರು ಜಾತಿಯವು ಒಟ್ಟಿಗೆ ಇದ್ದವು. ಅವನ ಅಪ್ಪನನ್ನು ಪ್ರತಿ ಸಲವೂ ಯಾರಾದರೂ "ಬೈಕ್ ಎಲ್ಲಿ ನಿಲ್ಸಿದೀರ?" ಎಂದು ಕೇಳುತ್ತಿದ್ದರು. ಒಂದು ಸಲ ಕೈಕೂಸೊಂದನ್ನು ತಂದಿದ್ದರು. ನಿದ್ದೆಯಿಂದ ಎದ್ದೊಡನೆ ಅದು ತಲೆ ಬಗ್ಗಿಸಿ, ಎರಡೂ ಕೈ ಮುಂದಕ್ಕೆ ತಂದು, ಮತ್ತೆ ಮತ್ತೆ ಮುದುಡುತ್ತಿತ್ತು. ಮನೆಯವರು ನಮಸ್ಕಾರ ಕಲಿತಿದೆ ಎಂದು ಸಂತೋಷಪಟ್ಟು ವಾಟ್ಸಾಪಿನಲ್ಲಿ ಸ್ಟೇಟಸ್ ಹಾಕಿದ್ದರು. ಅದೂ ಫಿಟ್ಸೇ, ಕೂಸುಗಳಲ್ಲಿ ಬರುವ ಕೆಟ್ಟ ಜಾತಿ. ಆ ಕೂಸನ್ನು ಡಾಕ್ಟರಮ್ಮ ಸರದಿ ಬಿಡಿಸಿ ಮೊದಲು ಒಳಗೆ ಕರೆದರು. ಅದರ ಅಜ್ಜಿ ಹೊರಗೆ ಬಂದಾಗ ಮುಖ ನೋಡಲಾಗುತ್ತಿರಲಿಲ್ಲ.

ಇಷ್ಟಕ್ಕೂ ನಮ್ಮ ಕಡೆ ಒಂದೇ ಹೆಸರು, ಫಿಟ್ಸ್. ಒಂದೇ ಔಷಧ, ಕಬ್ಬಿಣ.

ಈಗ ವಿಡಿಯೋ. ಮಾತ್ರೆ ಶುರುವಾದ ಮೇಲೂ ಗುಂಡಿ ತಿರುಗುವುದು ಪೂರ್ತಿ ನಿಂತಿರಲಿಲ್ಲ. ಗೆಳೆಯರು ಡಾಕ್ಟರಮ್ಮನ ಮಾತನ್ನು ತಲೆಯ ಮೇಲೆ ಹೊತ್ತುಕೊಂಡು ಕಾಯುತ್ತಿದ್ದರು. ಒಂದು ದಿನ ಕೆಲಸದ ನಡುವೆ ಇವರು ನಿಂತರು. ಗೆಳೆಯರು ಮೊದಲು ಮೆಷಿನ್ನಿನ ಕೆಂಪು ಬಟನ್ ಒತ್ತಿ ನಿಲ್ಲಿಸಿ, ಒಂದು ಕೈಯಲ್ಲಿ ಇವರ ತೋಳು ಹಿಡಿದು, ಇನ್ನೊಂದರಲ್ಲಿ ವಿಡಿಯೋ ಮಾಡಿದರು. ಬಹಳ ಚೆನ್ನಾಗಿ ಮಾಡಿದ್ದರು. ಚಪ್ಪರಿಸುವ ಬಾಯಿ, ಗುಂಡಿಯ ಮೇಲಿನ ಬೆರಳು, ಆಮೇಲಿನ ಪೆದ್ದುನೋಟ ಎಲ್ಲವೂ ಬಂದಿತ್ತು. ನನಗೆ ಕಳಿಸಬೇಕಿತ್ತು.

ಆ ಶೆಡ್ಡಿನಲ್ಲಿ ಒಂದು ಪದ್ಧತಿ. ಯಾವ ಪೀಸು ಕೆಟ್ಟರೂ ಅದರ ಫೋಟೋನೋ ವಿಡಿಯೋನೋ ತೆಗೆದು ಆ ಕ್ಷಣವೇ ವಾಟ್ಸಾಪಿನ ಕ್ವಾಲಿಟಿ ಗ್ರೂಪಿಗೆ ಹಾಕಬೇಕು. ವರ್ಷಗಟ್ಟಲೆ ಮಾಡಿ ಮಾಡಿ ಗೆಳೆಯರ ಹೆಬ್ಬೆರಳಿಗೆ ಬೇರೆ ದಾರಿಯೇ ಗೊತ್ತಿರಲಿಲ್ಲ. ತೆಗೆದ ವಿಡಿಯೋ ನೇರ ಗ್ರೂಪಿಗೆ ಹೋಯಿತು. ಮೇಲೆ ಗೀರು ಬಿದ್ದ, ಬಳೆಯಂಥ ಒಂದು ಬುಷ್, ಕೆಳಗೆ ಅಳತೆ ತಪ್ಪಿದ ಒಂದು ಪಿನ್ನು, ನಡುವೆ ನನ್ನ ಗಂಡ.

ಕ್ವಾಲಿಟಿ ಇಂಜಿನಿಯರ್ ಕೂಡ ಪದ್ಧತಿಯ ಮನುಷ್ಯ. ಏನು ಬಂದಿದೆ ಎಂದು ತೆರೆದು ನೋಡುವ ಮೊದಲೇ ಕೆಳಗೆ ಬರೆದ: "ರೂಟ್ ಕಾಸ್ ಏನು? ಕರೆಕ್ಟಿವ್ ಆ್ಯಕ್ಷನ್ ಸಂಜೆಯೊಳಗೆ ಕಳಿಸಿ."

ಗೆಳೆಯರು ಅಂದು ಸಂಜೆ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತರು. "ಅತ್ತಿಗೆ, ಚಪ್ಲೀಲ್ ಹೊಡೀರಿ ನಂಗೆ."

ಇವರೇ ಒಳಗಿನಿಂದ ಕೂಗಿದರು: "ಬಾ ಗುರು ಒಳಗೆ. ಏನೋ ಒಂದ್ ಬುಷ್ ಕೆಳಗೆ ಹಾಕಿದೀಯ, ಪರ್ವಾಗಿಲ್ಲ. ಆ ಪಿನ್ನು ಇತ್ತಲ್ಲ, ನಾಲ್ಕು ಪಾಯಿಂಟ್ ಅಂಡರ್‌ಸೈಜ್, ಅದರ ಕೆಳಗೆ ಹಾಕಿದ್ರೆ ನಂಗೆ ಬೇಜಾರಾಗ್ತಿತ್ತು."

ಆದರೆ ಪದ್ಧತಿ ಎಂದರೆ ಪದ್ಧತಿ. ಗ್ರೂಪಿಗೆ ಬಿದ್ದದ್ದಕ್ಕೆಲ್ಲ ರೂಟ್ ಕಾಸ್, ಅಂದರೆ ಮೂಲ ಕಾರಣ, ಹುಡುಕಿ ಮುಚ್ಚಲೇಬೇಕು. ಐದು ಸಲ 'ಯಾಕೆ' ಎಂದು ಕೇಳಿ ಬುಡಕ್ಕೆ ಹೋಗುವ ಒಂದು ವಿದ್ಯೆ ಅವರಿಗಿದೆ. ಮೆಷಿನ್ ಯಾಕೆ ನಿಂತಿತು? ಆಪರೇಟರ್ ನಿಂತ. ಆಪರೇಟರ್ ಯಾಕೆ ನಿಂತ? ಫಿಟ್ಸ್ ಬಂತು. ಫಿಟ್ಸ್ ಯಾಕೆ ಬಂತು? ಇಲ್ಲಿಗೆ ಇಂಜಿನಿಯರನ ವಿದ್ಯೆ ಮುಗಿಯಿತು, ಪ್ರಶ್ನೆ ಇನ್ನೂ ಎರಡು ಉಳಿದಿದ್ದವು. ಅವನ ಕೈಯಲ್ಲಿ ಸದಾ ಸಿದ್ಧವಾಗಿರುವ ಉತ್ತರವೊಂದಿತ್ತು, ಅದನ್ನೇ ಹಾಕಿದ: ಆಪರೇಟರನ ನಿರ್ಲಕ್ಷ್ಯ. ಆ ಶೆಡ್ಡಿನಲ್ಲಿ ಯಾವ ಪೀಸು ಕೆಟ್ಟರೂ ಕಾರಣ ಕೊನೆಗೆ ಅದೇ. ಇವರು ಇಷ್ಟು ವರ್ಷ ಅದನ್ನು ಹೇಳಿಕೊಂಡು ನಕ್ಕಿದ್ದರು. ಪರಿಹಾರವೂ ಸುಲಭವಾಯಿತು: ಆಪರೇಟರನ್ನು ಬದಲಿಸಲಾಗಿದೆ.

ಕಾರಣ ಹುಡುಕಿದ್ದು ಅವರು ಮಾತ್ರವಲ್ಲ. ಓನರ್ ಅಜ್ಜಿ ಒಂದೇ ಒಂದು 'ಯಾಕೆ'ಯಲ್ಲಿ ಬುಡ ಮುಟ್ಟಿತು.

"ನಿಮ್ ಸೆಡ್ಡು ಇರೋದು ನಮ್ ರಾಗಿ ಒಲದಾಗೆ ಕಣಪ್ಪಾ. ಆ ಮೂಲೇಲಿ ಮುನೇಸ್ವರನ ಕಲ್ಲಿತ್ತು. ಅದ್ರ ಮ್ಯಾಲೇ ಮಿಸಿನ್ ಮಡ್ಗವ್ರೆ. ಅಂಗ್ ಮಾಡುದ್ರೆ ಸುಮ್ಕಿರ್ತಾನಾ ಅವ್ನು?"

"ಆ ಹೊಲ ಮಾರಿದ್ದು ಯಾರಜ್ಜಿ?" ಎಂದು ಇವರು ಕೇಳಿದರು.

"ಇನ್ಯಾರು, ನಮ್ ಮನೆವ್ರೇಯಾ."

"ಅವ್ರಿಗೇನೂ ಆಗ್ಲಿಲ್ವಾ?"

"ಅವ್ರಿಗ್ಯಾಕಪ್ಪಾ ಆಯ್ತದೆ? ಮೂರಂತಸ್ತಿನ್ ಮನೆ ಕಟ್ಟುದ್ರು."

ಶೆಡ್ಡಿನ ಮಾಲೀಕರು ಒಳ್ಳೆಯವರು, ಕೆಲಸದಿಂದ ತೆಗೆಯಲಿಲ್ಲ. ಪ್ಯಾಕಿಂಗಿಗೆ ಹಾಕಿದರು. "ನಿನ್ನಂಥ ಆಪರೇಟರ್ ನಂಗೆ ಸಿಗಲ್ಲ ಕಣಯ್ಯಾ. ಆದ್ರೆ ಮೆಷಿನ್ ಮೇಲೆ ಏನಾದ್ರೂ ಆದ್ರೆ ನಾನು ಯಾರ್ಯಾರಿಗೆ ಉತ್ರ ಹೇಳ್ಲಿ? ಒಂದು ವರ್ಷ ಒಂದೂ ಬಂದಿಲ್ಲ ಅಂತ ಡಾಕ್ಟ್ರತ್ರ ಬರ್ಸ್ಕೊಂಡ್ ಬಾ. ಮಾರನೇ ದಿನ ನಿನ್ನ ಮೆಷಿನ್ ನಿಂಗೆ." ತಪ್ಪು ಹೇಳಲಾರೆ. ತಿರುಗುವ ಮೆಷಿನ್ನಿನ ಮುಂದೆ ಎಚ್ಚರ ತಪ್ಪುವುದು ಹುಡುಗಾಟವಲ್ಲ ಎಂದು ಡಾಕ್ಟರಮ್ಮನೂ ಹೇಳಿದ್ದರು.

ಅಂದಿನಿಂದ ಇವರು ರಟ್ಟಿನ ಪೆಟ್ಟಿಗೆಗೆ ಟೇಪು ಹಚ್ಚಿದರು. ಪ್ಯಾಕಿಂಗಿನವರಿಗೆ ಬೂದು ಅಂಗಿ. ಅಷ್ಟು ವರ್ಷ ಬಟ್ಟೆ ನೆನೆಹಾಕುವ ಮೊದಲು ಜೇಬಿನಿಂದ ಕಬ್ಬಿಣದ ಸುರುಳಿ ಆಯ್ದು ಆಯ್ದು ನನ್ನ ಬೆರಳು ಕುಯ್ದುಹೋಗಿದ್ದವು, ಬೈದೂ ಬೈದಿದ್ದೆ. ಈಗ ಅಂಗಿ ಬ್ಯಾಂಕಿನವರ ಅಂಗಿಯಂತೆ ಬರುತ್ತಿತ್ತು. ಇವರು ಮಾತ್ರ ಮನೆಗೆ ಬಂದರೆ ಟಿವಿಯ ಮುಂದೆ ಸುಮ್ಮನೆ ಕೂರುತ್ತಿದ್ದರು. "ಟೇಪು ಹಚ್ಚೋಕೆ ವರ್ನಿಯರ್ ಬೇಡ" ಎಂದು ಒಂದು ಸಲ ಅಂದರು. ಅದಕ್ಕಿಂತ ಹೆಚ್ಚು ದೂರು ಹೇಳಲಿಲ್ಲ. ಆ ಒಂದು ವರ್ಷ ಮುಗಿಯುವುದೊಂದೇ ಅವರಿಗೆ ಬೇಕಿತ್ತು.

ಡಾಕ್ಟರಮ್ಮ ಮಾತ್ರೆ ಹೆಚ್ಚಿಸಿದರು, ಇನ್ನೊಂದು ಸೇರಿಸಿದರು. ರಬ್ಬರಿನ ವಾಸನೆ ನಿಂತಿತು. ಬೂದು ಅಂಗಿಯ ಎರಡನೆಯ ಗುಂಡಿ ಮೊದಲು ಸ್ವಲ್ಪ ಸಡಿಲವಾಗಿ, ಆಮೇಲೆ ಸಡಿಲವಾಗಲೇ ಇಲ್ಲ. ನಾನು ಪ್ರತಿ ಸಲ ಬಟ್ಟೆ ಒಣಹಾಕುವಾಗ ಅದನ್ನು ಎಳೆದು ನೋಡುತ್ತಿದ್ದೆ. ಸ್ಕ್ಯಾನು, ಇಇಜಿಗಳೆಲ್ಲ ಆಸ್ಪತ್ರೆಯವರ ಪರೀಕ್ಷೆ. ಇದು ನನ್ನ ಪರೀಕ್ಷೆ. ಡಾಕ್ಟರಮ್ಮ "ಹೇಗಿದಾರೆ?" ಎಂದಾಗ ನಾನು "ಗುಂಡಿ ಗಟ್ಟಿಯಾಗಿದೆ ಮೇಡಂ" ಎನ್ನುತ್ತಿದ್ದೆ. ಆಕೆಯೂ ನಗುತ್ತಿದ್ದರು, ನಾವೂ ನಗುತ್ತಿದ್ದೆವು.

ಇವರು ರಾತ್ರಿ ಮಲಗುತ್ತಿದ್ದದ್ದು ಬನಿಯನ್ನಿನಲ್ಲಿ. ಬನಿಯನ್ನಿಗೆ ಗುಂಡಿ ಇರುವುದಿಲ್ಲ.

ಮಗಳ ಓದಿಗೆಂದು ನಾನು ಅವಳೊಂದಿಗೆ ರೂಮಿನಲ್ಲಿ ಮಲಗುತ್ತಿದ್ದೆ, ಇವರು ಹಾಲಿನಲ್ಲಿ. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಒಂದೆರಡು ಸಲ ಇವರ ದಿಂಬಿನ ಕವರಿನ ಮೇಲೆ ತಿಳಿಗೆಂಪು ಕಲೆ ನೋಡಿದೆ. "ವಸಡು ಕಣೇ" ಎಂದರು. ನಾನು ಲವಂಗದ ಟೂತ್‌ಪೇಸ್ಟ್ ತಂದೆ. ಒಂದು ಬೆಳಗ್ಗೆ ಉಪ್ಪಿಟ್ಟಿನ ಹಸಿಮೆಣಸಿನಕಾಯಿಗೆ ನಾಲಿಗೆ ಉರಿಯಿತೆಂದು ತಟ್ಟೆ ಸರಿಸಿದರು. ಕಾಫಿ ಬಿಸಿಯಾಗಿತ್ತು, ಸುಟ್ಟುಕೊಂಡೆ ಎಂದರು. ಮೈಕೈ ನೋವು ಎಂದ ದಿನ ಪೆಟ್ಟಿಗೆ ಎತ್ತಿ ಎತ್ತಿ ಹಾಗಾಗಿದೆ ಎಂದು ಅವರೂ ಹೇಳಿದರು, ನಾನೂ ಹೇಳಿದೆ. ತನಗೇನಾಗುತ್ತಿದೆ ಎಂದು ಅವರಿಗೆ ಗೊತ್ತಿತ್ತೋ, ಗೊತ್ತಿದ್ದೂ ವರ್ಷ ಮುಗಿಯಲಿ ಎಂದು ಬಾಯಿ ಮುಚ್ಚಿಕೊಂಡಿದ್ದರೋ, ಅಥವಾ ನಿಜಕ್ಕೂ ವಸಡು ಎಂದೇ ನಂಬಿದ್ದರೋ ನನಗೆ ಇಂದಿಗೂ ತಿಳಿಯದು. ನಿದ್ದೆಯಲ್ಲಿ ಬರುವುದು ಬಂದವರಿಗೇ ನೆನಪಿರುವುದಿಲ್ಲ ಎನ್ನುತ್ತಾರೆ.

ವರ್ಷವಾದ ಮೇಲೆ ಡಾಕ್ಟರಮ್ಮ ಬರೆದುಕೊಟ್ಟರು. ಇನ್ನು ಬರುವುದಿಲ್ಲ ಎಂದು ಯಾರೂ ಬರೆಯಲಾರರು, ಮನೆಯವರು ಹೇಳುವ ಪ್ರಕಾರ ಒಂದು ವರ್ಷದಿಂದ ಬಂದಿಲ್ಲ, ಪಕ್ಕದಲ್ಲಿ ಒಬ್ಬರು ಇರುವಂತೆ ನೋಡಿಕೊಂಡು ಕೆಲಸ ಮಾಡಬಹುದು ಎಂದು. ಮಾಲೀಕರು ಕೊನೆಯ ಭಾಗವನ್ನು ಎರಡು ಸಲ ಓದಿಸಿಕೊಂಡು, ಸೋಮವಾರ ಬಾ ಎಂದರು. ಅದೇ ಆ ಸೋಮವಾರ.

ಸೋಮವಾರ ಬೆಳಗ್ಗೆ ಕಾಫಿಗೆ ಹಾಲಿಟ್ಟು ಕೂಗಿದೆ. "ರೀ, ಏಳ್ರಿ, ನಿಮ್ ಮೆಷಿನ್ನು ಕಾಯ್ತಾ ಕೂತಿರುತ್ತೆ." ಏಳಲಿಲ್ಲ. ಹೋಗಿ ನೋಡಿದೆ. ಮುಖ ದಿಂಬಿನೊಳಗಿತ್ತು. ಮೈ ತಣ್ಣಗಾಗಿತ್ತು. ಹಾಲು ಉಕ್ಕಿ ಒಲೆ ಆರಿದ ವಾಸನೆಗೆ ಮಗಳು ಎದ್ದು ಬಂದಳು.

ಬಂದವರೆಲ್ಲ ಸಮಾಧಾನ ಹೇಳಿದರು. ನಿದ್ದೆಯಲ್ಲಿ ಹೋಗುವುದು ಪುಣ್ಯವಂತರ ಸಾವು ಎಂದರು. ಐವತ್ತು ತುಂಬುವ ಮೊದಲೇ ಅಷ್ಟು ಪುಣ್ಯ ಎಲ್ಲಿ ಸೇರಿತೋ. ಮಾಲೀಕರು ನನ್ನೆದುರು ಕೈಮುಗಿದು, ಪಕ್ಕದವರ ಹತ್ತಿರ ಮೆಲ್ಲಗೆ, "ಸದ್ಯ, ಶೆಡ್ಡಲ್ಲಿ ಆಗ್ಲಿಲ್ಲ, ದೇವ್ರು ದೊಡ್ಡೋನು" ಎಂದರು. ಯಾರ ದೇವರು ಎಂದು ನಾನು ಕೇಳಲಿಲ್ಲ. ಬೀದಿಯ ಕ್ಲಿನಿಕ್ಕಿನ ಡಾಕ್ಟರು ಹೃದಯ ಸ್ತಂಭನ ಎಂದು ಬರೆದುಕೊಟ್ಟರು. ಹೃದಯ ನಿಲ್ಲದೆ ಸತ್ತವರನ್ನು ನಾನು ನೋಡಿಲ್ಲ. ಕ್ವಾಲಿಟಿ ಗ್ರೂಪಿನಲ್ಲಿ ಗೆಳೆಯರು ಇವರ ಫೋಟೋ ಹಾಕಿದರು. ಸಾಲಾಗಿ ಕೈಮುಗಿದ ಚಿತ್ರಗಳು ಬಂದವು. ಅದರ ಕೆಳಗೆ, ಮಧ್ಯಾಹ್ನದ ಹೊತ್ತಿಗೆ, ಗೀರು ಬಿದ್ದ ಒಂದು ಬುಷ್. ಅದಕ್ಕೆ ರೂಟ್ ಕಾಸ್ ಕೇಳಿದರು. ಇವರದ್ದಕ್ಕೆ ಕೇಳಲಿಲ್ಲ.

ತಿಥಿ ಮುಗಿದ ಮೇಲೆ ನಾನೇ ಕೇಳಲು ಹೋದೆ. ಡಾಕ್ಟರಮ್ಮ ಬಾಗಿಲು ಹಾಕಿಸಿ ಕೂರಿಸಿಕೊಂಡರು. ದಿಂಬಿನ ಕಲೆ ಹೇಳಿದೆ, ನಾಲಿಗೆ ಹೇಳಿದೆ. ಆಕೆ ಇವರ ಫೈಲು ಮುಚ್ಚಿ ಬದಿಗಿಟ್ಟರು.

"ಅಪರೂಪಕ್ಕೆ ಹೀಗಾಗುತ್ತೆ ಅಮ್ಮಾ. ಫಿಟ್ಸ್ ಇರೋರು ನಿದ್ದೇಲಿ ಇದ್ದಕ್ಕಿದ್ದ ಹಾಗೆ ಹೋಗ್ಬಿಡ್ತಾರೆ. ರಾತ್ರಿ ಹೊತ್ತು ದೊಡ್ಡದು ಬರೋರಲ್ಲಿ ಅಪಾಯ ಜಾಸ್ತಿ. ಯಾಕೆ ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ."

"ಮೊದ್ಲೇ ಹೇಳ್ಬಹುದಿತ್ತಲ್ಲ ಮೇಡಂ."

"ಅಪರೂಪದ್ದನ್ನ ಹೇಳಿ ಯಾಕೆ ಹೆದರ್ಸೋದು ಅಂತ..." ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದರು. ಕನ್ನಡಕ ತೆಗೆದರು. "ಹೇಳ್ಬೇಕಿತ್ತು."

ಆ ಒಂದು ಮಾತಿಗೆ ನನಗೆ ಆಕೆಯ ಮೇಲೆ ಸಿಟ್ಟು ಉಳಿಯಲಿಲ್ಲ. ನಮ್ಮನ್ನು ಹೆದರಿಸುವ ಕೆಲಸವನ್ನು ಮಿಕ್ಕವರು ಚೆನ್ನಾಗಿಯೇ ಮಾಡಿದ್ದರು, ಅಷ್ಟರ ನಡುವೆ ಈ ಒಂದು ಹೆದರಿಕೆಗೂ ಮನೆಯಲ್ಲಿ ಜಾಗವಾಗುತ್ತಿತ್ತು. ಮೆಷಿನ್ ಎಂದು ಹೆದರಿಸಿದ್ದರು, ಬೈಕು, ಒಲೆ, ತಾರಸಿ ಎಂದು ಹೆದರಿಸಿದ್ದರು. ಲಗ್ಗೆರೆಯಲ್ಲಿ ಹುಡುಕಿದರೂ ಸಿಗದ ಬಾವಿ ಎಂದೂ ಹೆದರಿಸಿದ್ದರು. ಹಾಸಿಗೆ ಎಂದು ಮಾತ್ರ ಯಾರೂ ಹೆದರಿಸಲಿಲ್ಲ.

ಹೊರಗೆ ಬಂದಾಗ ಹಾಲಿನಲ್ಲಿ ಆ ಮೂರನೆಯ ಕ್ಲಾಸಿನ ಮಗುವಿನ ತಾಯಿ ಸಿಕ್ಕಳು. ಅವಳ ಪಕ್ಕದಲ್ಲಿ ಹೆಲ್ಮೆಟ್ಟಿನ ಯುವಕನ ಅಪ್ಪನೂ ಕೂತಿದ್ದರು. ನನ್ನ ಖಾಲಿ ಹಣೆ ನೋಡಿ ಇಬ್ಬರೂ ಸರಿದು ಜಾಗ ಬಿಟ್ಟರು. ನಾನು ಆ ಅಪ್ಪನ ಪಕ್ಕ ಕೂತೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. "ಅಣ್ಣಾ, ರಾತ್ರಿ ಅವನ ಜೊತೇಲಿ ಮಲಕ್ಕೊಳ್ಳಿ. ಬೆಳಗ್ಗೆ ನಾಲಿಗೆ ನೋಡಿ, ದಿಂಬು ನೋಡಿ. ಏನಾದ್ರೂ ಇದ್ರೆ ವಸಡು ಅನ್ಕೋಬೇಡಿ, ಡಾಕ್ಟ್ರಿಗೆ ಹೇಳಿ" ಎಂದೆ. ಅವರು ಹೂಂ ಎಂದರು. ಆಗಲೇ ಯಾರೋ ಹೊಸಬರು ಬಂದು ಕೂತು ಅವರನ್ನು ಕೇಳಿದರು: "ಬೈಕಲ್ಲಿ ಬಂದ್ರಾ?"

ಶೆಡ್ಡಿನಲ್ಲಿ ಇವರ ಮೆಷಿನ್ನಿಗೆ ಬೇರೆಯವರು ಬಂದಿದ್ದಾರೆ. ಕೂಲೆಂಟ್ ಬದಲಾಯಿಸಿದರಂತೆ, ಗೆಳೆಯರು ಹೇಳಿದರು. ವರ್ನಿಯರ್ ಮತ್ತೆ ಸೀರೆಗಳ ನಡುವೆ ಇದೆ. ಮಗಳು ಪರೀಕ್ಷೆ ಬರೆದಳು. ಯಾರಿಲ್ಲದಿದ್ದರೂ ನಾನು ಓಡುತ್ತೇನೆ ಎಂದು ಅವರು ಹೇಳಿದ್ದು ನಿಜವೇ ಆಗಿದೆ, ಓಡುತ್ತಿದ್ದೇನೆ.

ನೀಲಿ ಅಂಗಿ ಇಸ್ತ್ರಿ ಮಾಡಿದ ಹಾಗೇ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಎರಡನೆಯ ಗುಂಡಿ ಬಿಗಿಯಾಗಿದೆ. ಅದನ್ನು ತಿರುಗಿಸಿ ಸಡಿಲ ಮಾಡಲು ಅವರಿಲ್ಲ.